ಮೊದಲು ಹುಷಾರಾಗಬೇಕೋ, ಕೆಲಸ ಹುಡುಕಬೇಕೋ?

ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದೆ. ಇಂಟರ್‌ವ್ಯೂ ಎಂದರೆ ಹಿಂದಿನ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸಾಗುತ್ತಿದ್ದೆ. ಕೊನೆಗೆ ಆಪ್ತಸಮಾಲೋಚಕರ ಬಳಿ ಹೋದಾಗ, ‘ಮೊದಲು ಹುಷಾರಾಗು, ಕೆಲಸ ಆಮೇಲೆ ನೋಡಿದರಾಯ್ತು’ ಎಂದಳು ಅಮ್ಮ. ಆದರೆ ನನ್ನ ಚಿಂತೆಯಲ್ಲಿ ಅರ್ಧ ಕೆಲಸದ್ದೇ ಆಗಿತ್ತು!

ಈ ಪ್ರಶ್ನೆಯನ್ನು ಯುರೋಪಿನಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. ಲಂಡನ್, ಸೋಫಿಯಾ ಸೇರಿದಂತೆ ಆರು ನಗರಗಳಲ್ಲಿ, ತೀವ್ರ ಮಾನಸಿಕ ಕಾಯಿಲೆಯಿದ್ದ 312 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮೊದಲು ತರಬೇತಿ, ಆಮೇಲೆ ಕೆಲಸ. ಇನ್ನೊಂದಕ್ಕೆ ಚಿಕಿತ್ಸೆ ನಡೆಯುತ್ತಿರುವಾಗಲೇ ಕೆಲಸ ಹುಡುಕಲು ನೆರವಾಗಿ, ಸೇರಿದ ಮೇಲೂ ಜೊತೆಗಿದ್ದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪಿನಲ್ಲಿ ಕೆಲಸ ಮಾಡಿದವರು ಶೇ 28, ಎರಡನೆಯದರಲ್ಲಿ ಶೇ 55. ಮತ್ತೆ ಆಸ್ಪತ್ರೆ ಸೇರಿದವರೂ ಎರಡನೇ ಗುಂಪಿನಲ್ಲೇ ಕಡಿಮೆ.

ಓದಿ ಖುಷಿಯಾಯಿತು. ಆದರೆ ಒಂದೂವರೆ ವರ್ಷದಲ್ಲಿ ಒಂದೇ ಒಂದು ದಿನ ದುಡಿದವರೂ ಆ ಶೇ 55ರಲ್ಲಿ ಸೇರಿದ್ದಾರೆ. ಇದೆಂಥ ಲೆಕ್ಕ ಎನಿಸಿತು. ಆಮೇಲೆ ಬಸ್‌ಸ್ಟ್ಯಾಂಡ್ ನೆನಪಾಯಿತು. ನನ್ನ ತೊಂದರೆ ಅವರಷ್ಟು ತೀವ್ರವಲ್ಲ, ಆದರೂ ಆ ಮೊದಲ ದಿನವೇ ನನಗೆ ಬೆಟ್ಟವಾಗಿತ್ತು.

ಈಗ ಅಂಗಡಿಯೊಂದರಲ್ಲಿ ಅರ್ಧ ದಿನ ಲೆಕ್ಕ ಬರೆಯುತ್ತೇನೆ. ಸಮಾಲೋಚನೆಯನ್ನೂ ಬಿಟ್ಟಿಲ್ಲ. ಮೊದಲ ದಿನ ದೊಡ್ಡದು ನಿಜ. ಆದರೆ ಆರನೇ ತಿಂಗಳೂ ಅಷ್ಟೇ ಮುಖ್ಯ. ನಿಮಗೂ ಯಾರಾದರೂ ಇಂಥ ನೆರವು ಕೊಡುತ್ತೇವೆಂದರೆ, ‘ಎಷ್ಟು ಜನಕ್ಕೆ ಕೆಲಸ ಸಿಕ್ಕಿತು?’ ಎಂದಷ್ಟೇ ಕೇಳಬೇಡಿ. ‘ಎಷ್ಟು ಜನ ಉಳಿದರು, ನೆಮ್ಮದಿಯಾಗಿದ್ದಾರಾ?’ ಎಂದೂ ಕೇಳಿ.