ಶಕ್ತಿ ಎಂದರೆ ಯಾವುದು? ಗಡಿಭಾಗದ ಕನ್ನಡ ವಿದ್ಯಾರ್ಥಿ ಮತ್ತು ಇಂಜಿನಿಯರಿಂಗಿನ ಮೊದಲ ವರ್ಷ

ನನ್ನ ಧ್ವನಿ ಕೇಳಸ್ತಾ ಇದೆ ಅಂದ್ಕೋತೀನಿ. ಕನ್ನಡ ಎಂ.ಎ. ವಿದ್ಯಾರ್ಥಿನಿಯಾದ ನಾನು ಇವತ್ತು ಕಾವ್ಯವನ್ನಾಗಲಿ ಕಾದಂಬರಿಯನ್ನಾಗಲಿ ಚರ್ಚೆಗೆ ತಗೊಂಡಿಲ್ಲ. ನನ್ನ ತಂಗಿಯ ನೋಟ್‌ಬುಕ್ ತಗೊಂಡಿದ್ದೀನಿ. ಅವಳು ಇಚಲಕರಂಜಿಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದ್ತಾ ಇದ್ದಾಳೆ. ಗಡಿಭಾಗದ ಕನ್ನಡ ಮಕ್ಕಳು ಮೊದಲ ವರ್ಷದಲ್ಲಿ ಎಡವುವುದಕ್ಕೆ ಇಂಗ್ಲಿಷ್ ಒಂದೇ ಕಾರಣ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ನೋಟ್‌ಬುಕ್ ಓದಿದ ಮೇಲೆ ನನಗೆ ಹಾಗೆ ಅನಿಸುತ್ತಿಲ್ಲ.

ನಮ್ಮೂರು ಗಡಹಿಂಗ್ಲಜ ತಾಲ್ಲೂಕಿನಲ್ಲಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಹೈಸ್ಕೂಲಿಗೆ ನಾವಿಬ್ಬರೂ ಗಡಿ ಆಚೆಯ ಸಂಕೇಶ್ವರದಲ್ಲಿ ಅಜ್ಜಿಯ ಮನೆಯಲ್ಲಿದ್ದೆವು. ಹೀಗಾಗಿ ವಿಜ್ಞಾನದ ಮೊದಲ ಪದಗಳನ್ನು ಕಲಿತದ್ದು ಕರ್ನಾಟಕದ ಕನ್ನಡ ಪಠ್ಯಪುಸ್ತಕಗಳಿಂದ. ಹನ್ನೊಂದು, ಹನ್ನೆರಡನೇ ತರಗತಿಗೆ ಅವಳು ಗಡಹಿಂಗ್ಲಜಕ್ಕೆ ಮರಳಿದಳು. ಅಲ್ಲಿ ಪುಸ್ತಕ ಇಂಗ್ಲಿಷ್‌ನಲ್ಲಿತ್ತು.

ಮೊದಲ ಸೆಮಿಸ್ಟರಿನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬಿನ ವೈವಾ ಇತ್ತು. ಹುಡುಗರಿಗೆ ಹೆದರಿಕೆ ಆಗಬಾರದೆಂದು ಸರ್ ಮರಾಠಿಯಲ್ಲೇ ಕೇಳಿದರು: "ಶಕ್ತೀ ಮ್ಹಣಜೆ ಕಾಯ?" ಶಕ್ತಿ ಎಂದರೇನು? ತಂಗಿ ತಡಮಾಡದೆ, ಕೆಲಸ ಮಾಡುವ ಸಾಮರ್ಥ್ಯ ಎಂಬ ವ್ಯಾಖ್ಯೆಯನ್ನು ಇಂಗ್ಲಿಷ್‌ನಲ್ಲಿ ಹೇಳಿದಳು. ಉತ್ತರ ತಪ್ಪಾಯಿತು. ಪಕ್ಕದಲ್ಲಿದ್ದವರು ನಕ್ಕರು. ಆ ರಾತ್ರಿ ಫೋನ್ ಮಾಡಿ, "ಅಕ್ಕಾ, ನಾ ಹೇಳಿದ್ದು ಪುಸ್ತಕದಾಗ ಹಂಗ ಐತಿ. ಹಂಗಾರ ತಪ್ಪ ಹೆಂಗಾತು?" ಅಂದಳು. ಅದಾದ ಮೇಲೆ ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ದೀಪಾವಳಿಗೆ ಮನೆಗೆ ಬಂದವಳು, "ನಾ ಹೊಳ್ಳಿ ಹೋಗಂಗಿಲ್ಲ" ಅಂದಾಗ ನಾನು ನೋಟ್‌ಬುಕ್ ಕೇಳಿದೆ.

ಸರ್ ಕೇಳಿದ್ದೂ ತಪ್ಪಲ್ಲ, ಅವಳು ಹೇಳಿದ್ದೂ ತಪ್ಪಲ್ಲ. ಕರ್ನಾಟಕದ ಪಠ್ಯಗಳಲ್ಲಿ ಎನರ್ಜಿಗೆ 'ಶಕ್ತಿ', ಪವರ್‌ಗೆ 'ಸಾಮರ್ಥ್ಯ' ಎನ್ನುತ್ತಾರೆ. ಮರಾಠಿಯಲ್ಲಿ ಎನರ್ಜಿಗೆ 'ಊರ್ಜಾ', ಪವರ್‌ಗೆ 'ಶಕ್ತೀ'. ಪದ ಒಂದೇ, ಎರಡು ಭಾಷೆಗಳಲ್ಲಿ ಎರಡು ಬೇರೆ ಪರಿಮಾಣಗಳು. ಇನ್ನೂ ತೊಡಕಿನ ವಿಷಯ ಏನೆಂದರೆ, ಎನರ್ಜಿಯ ವ್ಯಾಖ್ಯೆಯಲ್ಲೇ ನಾವು 'ಸಾಮರ್ಥ್ಯ' ಎಂಬ ಪದ ಬಳಸುತ್ತೇವೆ, ಅದೇ ಪದ ಪವರ್‌ಗೂ ಹೆಸರು. ಅವೇಗದ ಮಾತಿನಲ್ಲಿ ಇವೆಲ್ಲ ಒಂದರೊಳಗೊಂದು ಕಲೆಸಿಹೋಗುತ್ತವೆ. ನಮ್ಮ ಜವ ಅಲ್ಲಿ 'ಚಾಲ', ನಮ್ಮ ವೇಗೋತ್ಕರ್ಷ ಅಲ್ಲಿ 'ತ್ವರಣ'. ಇಂಥ ಪದಗಳು ಅಪಾಯಕಾರಿ ಅಲ್ಲ. ಗೊತ್ತಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ, ಯಾರನ್ನಾದರೂ ಕೇಳಬಹುದು. 'ಶಕ್ತಿ'ಯಂಥ ಪದ ಹಾಗಲ್ಲ. ಅದು ಪರಿಚಿತರ ಮುಖ ಹೊತ್ತು ಬರುತ್ತದೆ, ಆದ್ದರಿಂದ ಕೇಳಬೇಕು ಅಂತಲೇ ಅನಿಸುವುದಿಲ್ಲ.

ಈ ಮಕ್ಕಳನ್ನು ಸರ್ಕಾರಗಳು ಮರೆತಿವೆ ಎಂದಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರೆಂಬ ವರ್ಗವಿದೆ. ಅದರಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಜೊತೆ ಗಡಹಿಂಗ್ಲಜದ ಹೆಸರೂ ಇದೆ. ಮಹಾರಾಷ್ಟ್ರದ ನಿಯಮಗಳಲ್ಲೂ ಈ ಕಡೆಯ ಗಡಿಭಾಗದ ಮರಾಠಿ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಅಂಥದ್ದೇ ಅವಕಾಶವಿದೆ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಾಗ ಆ ಪಟ್ಟಿಯಲ್ಲಿ ಕನ್ನಡ, ಮರಾಠಿ ಎರಡೂ ಇದ್ದವು. ಆದರೆ ಈ ಎಲ್ಲ ವ್ಯವಸ್ಥೆಯೂ ಒಂದೋ ಸೀಟಿನ ಬಾಗಿಲಿಗೆ ನಿಲ್ಲುತ್ತದೆ, ಇಲ್ಲವೇ ಒಂದು ರಾಜ್ಯಕ್ಕೆ ಒಂದೇ ತಾಯ್ನುಡಿ ಎಂದು ನಂಬುತ್ತದೆ. ಒಳಗೆ ಹೋದ ಮೇಲೆ, ಇಂಗ್ಲಿಷ್ ಪುಸ್ತಕ, ಮರಾಠಿ ವಿವರಣೆ, ಕನ್ನಡ ಯೋಚನೆ ಈ ಮೂರನ್ನೂ ಹದಿನೆಂಟರ ಹುಡುಗಿ ಒಬ್ಬಳೇ ಹೊಂದಿಸಿಕೊಳ್ಳಬೇಕು.

ನಾವು ಹೊಂದಿಸಿದ್ದು ಹೇಗೆ ಅಂತ ಹೇಳ್ತೀನಿ. ಇಚಲಕರಂಜಿ ಪವರ್‌ಲೂಮಿನ ಊರು. ಅವಳ ರೂಮಿನ ಕೆಳಗೇ ಮಗ್ಗಗಳ ಸದ್ದು. ಮನೆ ಮಾಲೀಕರು ಮೋಟಾರಿನ ಮಾತು ಬಂದರೆ 'ಎಚ್‌ಪಿ' ಅಂತಾರೆ, ಕರೆಂಟ್ ಬಿಲ್ಲಿನ ಮಾತು ಬಂದರೆ 'ಯುನಿಟ್' ಅಂತಾರೆ. ಎರಡನ್ನೂ ಎಂದೂ ಕಲೆಸುವುದಿಲ್ಲ. ಒಂದು ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. ಅದು ಪವರ್, ಅಂದರೆ ಕೆಲಸ ನಡೆಯುವ ದರ. ಆ ಮೋಟಾರು ಪೂರ್ತಿ ಹೊರೆಯಲ್ಲಿ ಒಂದು ತಾಸು ಓಡಲಿ, ಹತ್ತು ತಾಸು ಓಡಲಿ, ಎಚ್‌ಪಿ ಬದಲಾಗುವುದಿಲ್ಲ. ಬಿಲ್ಲಿನ ಒಂದು ಯುನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. ಅದು ಎನರ್ಜಿ, ಮೋಟಾರು ಓಡಿದಷ್ಟೂ ಏರುತ್ತದೆ. ಮೋಟಾರಿನೊಳಗಿನ ನಷ್ಟವನ್ನು ಬದಿಗಿಟ್ಟರೆ ಹತ್ತು ತಾಸಿಗೆ ಸುಮಾರು ಏಳೂವರೆ ಯುನಿಟ್. ಇದನ್ನು ಲೆಕ್ಕ ಹಾಕಿದ ಮೇಲೆ ತಂಗಿ, "ಅಂದ್ರ ಎಚ್‌ಪಿ ಅವರ ಶಕ್ತೀ, ಯುನಿಟ್ ನಮ್ಮ ಶಕ್ತಿ" ಅಂದಳು. ಎರಡು ಭಾಷೆಯ ಪಠ್ಯಗಳು ಬಿಡಿಸದ ಗಂಟನ್ನು ಬೀದಿಯ ಎರಡು ಪದಗಳು ಬಿಡಿಸಿದವು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೊಲ್ಲಾಪುರವನ್ನೇ ನೋಡಿ. ಅಲ್ಲಿನ ರಾಜಾರಾಮ್ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡ ಕಲಿಸುತ್ತಿದ್ದರು. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದರು. ಅದೇ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದ, ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು ಸಂಪಾದಿಸಿದ ಪ್ರಾಕೃತ ಕೃತಿ 'ಕುವಲಯಮಾಲಾ'. ಕ್ರಿ.ಶ. 779ರ ಆ ಕೃತಿಯಲ್ಲಿ ಒಂದು ಪೇಟೆಯ ಚಿತ್ರವಿದೆ. ಕರ್ನಾಟಕದವರು, ಮರಾಠರು ಸೇರಿ ಹಲವು ನಾಡಿನ ವ್ಯಾಪಾರಿಗಳು ತಂತಮ್ಮ ಮಾತಿನಲ್ಲೇ ವ್ಯವಹರಿಸುತ್ತಾರೆ. ಪದಗಳ ಅರ್ಥ ಗಡಿ ದಾಟುವಾಗ ಏನಾಗುತ್ತದೆ ಎಂದು ನೋಡುವುದು ನಮ್ಮ ಶಿಸ್ತಿನ ಹಳೆಯ ಕೆಲಸವೇ.

ಹಾಗಾಗಿ ನನ್ನ ಪ್ರಸ್ತಾಪ ಸಣ್ಣದು. 2017-18ರಿಂದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸಬರಿಗೆ ಮೂರು ವಾರಗಳ ಪ್ರವೇಶ ಕಾರ್ಯಕ್ರಮವಿದೆ. ಗಡಿಭಾಗದಲ್ಲಿ ಅದರ ಒಂದೆರಡು ತಾಸು ಮೂರು ಕಾಲಮ್ಮಿನ ಪದಪಟ್ಟಿಗೆ ಸಿಗಲಿ: ಇಂಗ್ಲಿಷ್, ಮರಾಠಿ, ಕನ್ನಡ. ಎದುರಿಗೆ ಅಳತೆಯ ಮಾನ ಇರಲಿ. ಪದ ಮೋಸ ಮಾಡಿದರೂ ವ್ಯಾಟ್, ಜೂಲ್ ಮೋಸ ಮಾಡುವುದಿಲ್ಲ. ಪಟ್ಟಿಯನ್ನು ನಮ್ಮಂಥ ಭಾಷಾ ವಿದ್ಯಾರ್ಥಿಗಳು ಮತ್ತು ಅಲ್ಲಿನ ಮೊದಲ ವರ್ಷದವರು ಕೂಡಿ ಮಾಡಬಹುದು. ತಂಗಿ ಈಗಾಗಲೇ ಹನ್ನೊಂದು ಪುಟ ಬರೆದಿದ್ದಾಳೆ.

ಹೋದ ತಿಂಗಳು ಇನ್ನೊಂದು ವೈವಾ ಆಯಿತು. ಮತ್ತೆ 'ಶಕ್ತೀ' ಬಂತಂತೆ. ಈ ಸಲ ಉತ್ತರ ಹೇಳುವ ಮೊದಲು ಅವಳು ಮರಾಠಿಯಲ್ಲೇ ಕೇಳಿದಳು: "ಸರ್, ವ್ಯಾಟ್‌ನಲ್ಲಿ ಅಳೆಯೋದಾ, ಜೂಲ್‌ನಲ್ಲಿ ಅಳೆಯೋದಾ?" ಯಾರೂ ನಗಲಿಲ್ಲ. ಅಂಕ ಇನ್ನೂ ಬಂದಿಲ್ಲ. ಅವಳು ಮಾತ್ರ ಇಚಲಕರಂಜಿಯಲ್ಲೇ ಇದ್ದಾಳೆ. ಪ್ರಶ್ನೆ ಇದ್ದರೆ ಮೈಕ್ ಆನ್ ಮಾಡಿ ಕೇಳಿ.