ಒಂದೇ ಕ್ಷಣಕ್ಕೆ ಇಬ್ಬರು ಬಟನ್ ಒತ್ತಿದರೆ ಕಂಪ್ಯೂಟರ್ ಲೆಕ್ಕ ತಪ್ಪುತ್ತದೆಯೇ?

"ಕಂಪ್ಯೂಟರ್ ತಪ್ಪು ಮಾಡುವುದಿಲ್ಲ. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ." ಆನ್‌ಲೈನ್ ಹರಾಜು, ಟಿಕೆಟ್ ಬುಕಿಂಗ್, ಹಣ ಪಾವತಿಯಲ್ಲಿ ಎಡವಟ್ಟಾದಾಗ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇಂಥ ಮಾತು ಓಡಾಡುತ್ತದೆ. ಇದು ಪೂರ್ತಿ ನಿಜವಲ್ಲ. ಯಾರೂ ಮೋಸ ಮಾಡದೆ, ಹ್ಯಾಕರ್ ಕೈವಾಡವೂ ಇಲ್ಲದೆ, ಪ್ರೋಗ್ರಾಂ ಬರೆದ ರೀತಿಯಿಂದಲೇ ಲೆಕ್ಕ ತಪ್ಪಬಹುದು. ಹೇಗೆ ಎಂದು ನೋಡೋಣ.

ಗೂಡಿನ ಹರಾಜಿನ ಉದಾಹರಣೆ

ನಗರಗೆರೆಯ ರೈತರೊಬ್ಬರು 60 ಕೆ.ಜಿ. ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತಂದಿದ್ದಾರೆ, ರೀಲರ್‌ಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಿದ್ದಾರೆ ಎಂದುಕೊಳ್ಳೋಣ. (ಇದು ವಿಷಯ ತಿಳಿಯಲು ನಾವು ಕಟ್ಟಿಕೊಂಡ ಉದಾಹರಣೆ. ಅಲ್ಲಿ ಹೀಗೆ ಆಗಿದೆ ಎಂದಲ್ಲ.) ಆ ಲಾಟಿಗೆ ಸದ್ಯದ ಹೆಚ್ಚಿನ ಬೆಲೆ ಕೆ.ಜಿ.ಗೆ 520 ರೂಪಾಯಿ. ಒಬ್ಬ ರೀಲರ್ 530, ಇನ್ನೊಬ್ಬರು 525 ಒತ್ತುತ್ತಾರೆ, ಅದೂ ಒಂದೇ ಕ್ಷಣಕ್ಕೆ.

ಜಾವಾ ಭಾಷೆಯಲ್ಲಿ ಬರೆದ ಸರ್ವರ್ ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ಹಲವು 'ಕೆಲಸಗಾರರು' ಇರುತ್ತಾರೆ. ಇವರಿಗೆ ಥ್ರೆಡ್ ಎಂದು ಹೆಸರು. ಎಲ್ಲರೂ ಬರೆಯುವುದು ಒಂದೇ ಲೆಕ್ಕದ ಪುಸ್ತಕದಲ್ಲಿ. ಅಂಥ ಪುಸ್ತಕಕ್ಕೆ ಜಾವಾದಲ್ಲಿ ಕಲೆಕ್ಷನ್ ಎನ್ನುತ್ತಾರೆ. ಅರೇಲಿಸ್ಟ್, ಹ್ಯಾಶ್‌ಮ್ಯಾಪ್ ಇದರಲ್ಲಿ ಹೆಚ್ಚು ಬಳಕೆಯಾಗುವಂಥವು.

ಈಗ ಇಬ್ಬರು ಕೆಲಸಗಾರರೂ ಪುಸ್ತಕ ನೋಡುತ್ತಾರೆ. ಇಬ್ಬರಿಗೂ ಕಾಣುವುದು 520. "ನನ್ನದೇ ಹೆಚ್ಚು" ಎಂದು ಇಬ್ಬರೂ ತೀರ್ಮಾನಿಸುತ್ತಾರೆ. ಮೊದಲನೆಯವನು 530 ಬರೆಯುತ್ತಾನೆ. ಎರಡನೆಯವನು ಮತ್ತೆ ನೋಡದೆ ಅದರ ಮೇಲೆಯೇ 525 ಬರೆಯುತ್ತಾನೆ. ಹೆಚ್ಚಿನ ಬೆಲೆ ಅಳಿಸಿಹೋಯಿತು! ಕೆ.ಜಿ.ಗೆ 5 ರೂಪಾಯಿಯಂತೆ ರೈತರಿಗೆ 300 ರೂಪಾಯಿ ನಷ್ಟ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಈ ದೋಷಕ್ಕೆ 'ರೇಸ್ ಕಂಡೀಷನ್' ಎನ್ನುತ್ತಾರೆ.

ನಿಜವಾಗಿ ಹೀಗಾಗಿದೆಯೇ?

ಆಗಿದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಶುರುವಾಗಿದ್ದು ವಿದ್ಯುತ್ ತಂತಿಗಳು ಮರಕ್ಕೆ ತಾಗಿದ್ದರಿಂದ. ಆದರೆ ಒಹಾಯೊದ ನಿಯಂತ್ರಣ ಕೊಠಡಿಯಲ್ಲಿ ಬಡಿದುಕೊಳ್ಳಬೇಕಿದ್ದ ಅಲಾರಂ ಸುಮ್ಮನಿತ್ತು. ತನಿಖೆಯಲ್ಲಿ ಸಿಕ್ಕಿದ್ದು ಇದೇ ದೋಷ: ತಂತ್ರಾಂಶದ ಎರಡು ಭಾಗಗಳು ಒಂದೇ ದತ್ತಾಂಶಕ್ಕೆ ಏಕಕಾಲಕ್ಕೆ ಬರೆಯಲು ಹೋಗಿದ್ದವು. ಅದು ವಿರಳವಾಗಿ, ಕ್ಷಣದ ಲೆಕ್ಕದಲ್ಲಿ ನಡೆಯುವುದರಿಂದ ಮೊದಲಿನ ಪರೀಕ್ಷೆಗಳಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಪರಿಹಾರವೇನು?

ಒಬ್ಬ ಬರೆದು ಮುಗಿಸುವವರೆಗೆ ಪುಸ್ತಕಕ್ಕೆ ಬೀಗ ಹಾಕುವುದು ಸರಳ ಉಪಾಯ. ಜಾವಾದ ಮೊದಲ ಆವೃತ್ತಿಯಲ್ಲೇ ಇದ್ದ ವೆಕ್ಟರ್ ಹೀಗೆ ಕೆಲಸ ಮಾಡುತ್ತದೆ. ಆದರೆ ಇಡೀ ಪುಸ್ತಕಕ್ಕೆ ಒಂದೇ ಬೀಗವಾದರೆ ಎಲ್ಲರೂ ಸರದಿಯಲ್ಲಿ ಕಾಯಬೇಕು. 2004ರಲ್ಲಿ ಬಂದ ಜಾವಾ 5ರಲ್ಲಿ ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್ ಸೇರಿತು. ಇದರಲ್ಲಿ ಬರೆಯುವ ಭಾಗಕ್ಕಷ್ಟೇ ಬೀಗ, ಓದುವವರು ಸಾಮಾನ್ಯವಾಗಿ ಕಾಯಬೇಕಿಲ್ಲ.

ಇಲ್ಲೇ ಇನ್ನೊಂದು ತಪ್ಪು ನಂಬಿಕೆ ಇದೆ. "ಸುರಕ್ಷಿತ ಕಲೆಕ್ಷನ್ ಬಳಸಿದರೆ ಸಾಕು" ಎಂದು ಜಾವಾ ಕಲಿಯುವ ಎಷ್ಟೋ ವಿದ್ಯಾರ್ಥಿಗಳು ಭಾವಿಸುತ್ತಾರೆ. ಸಾಲದು. 'ಬೆಲೆ ನೋಡು' ಒಂದು ಹೆಜ್ಜೆ, 'ಬೆಲೆ ಬರೆ' ಇನ್ನೊಂದು ಹೆಜ್ಜೆ. ಎರಡೂ ಬಿಡಿಬಿಡಿಯಾಗಿ ಸುರಕ್ಷಿತವಾಗಿದ್ದರೂ ನಡುವೆ ಮತ್ತೊಬ್ಬರು ನುಗ್ಗಬಹುದು. ನಮ್ಮ ಹರಾಜಿನಲ್ಲಿ ಆಗಿದ್ದೂ ಅದೇ. ಎರಡನ್ನೂ ಸೇರಿಸಿ ಒಂದೇ ಏಟಿಗೆ ಮುಗಿಸುವ 'ಮರ್ಜ್', 'ಕಂಪ್ಯೂಟ್' ಎಂಬ ಆಜ್ಞೆಗಳು ಈ ಕಲೆಕ್ಷನ್‌ನಲ್ಲಿವೆ. "ಇದ್ದುದರಲ್ಲಿ ದೊಡ್ಡದನ್ನು ಉಳಿಸು" ಎಂದು ಮರ್ಜ್‌ಗೆ ಹೇಳಿದರೆ, ಯಾರು ಮೊದಲು ಬಂದರೂ ಕೊನೆಗೆ ಉಳಿಯುವುದು 530.

ಇದೆಲ್ಲ ಒಂದೇ ಪ್ರೋಗ್ರಾಂ ಒಳಗಿನ ಮಾತು. ಹತ್ತಾರು ಸರ್ವರ್‌ಗಳಿರುವ ಬ್ಯಾಂಕಿನಂಥ ಕಡೆ ಈ ಬೀಗ ಡೇಟಾಬೇಸ್ ಮಟ್ಟದಲ್ಲೇ ಇರಬೇಕಾಗುತ್ತದೆ.

ನಾವೇನು ಮಾಡಬೇಕು?

• ಪಾವತಿ ಬಟನ್ ಒತ್ತಿದ ಮೇಲೆ ತಡವಾದರೆ ಮತ್ತೆ ಮತ್ತೆ ಒತ್ತಬೇಡಿ. ಮೊದಲು ಖಾತೆಯ ವಿವರ ನೋಡಿ.
• ವ್ಯವಹಾರದ ಸಂಖ್ಯೆ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಂಥ ದೋಷ ಹುಡುಕಲು ಸಮಯವೇ ಮುಖ್ಯ ಸುಳಿವು.
• ಲೆಕ್ಕ ತಪ್ಪಿದರೆ ಲಿಖಿತ ದೂರು ಕೊಡಿ. ಮೋಸವೂ ಇರಬಹುದು, ದೋಷವೂ ಇರಬಹುದು. ತನಿಖೆಯಾಗದೆ ಯಾವುದೆಂದು ಹೇಳಲಾಗದು.

ಕಂಪ್ಯೂಟರ್ ಹೇಳಿದ್ದೇ ಸತ್ಯ ಎನ್ನುವುದೂ ತಪ್ಪು, ತಪ್ಪಾದ ಕೂಡಲೇ ಕೌಂಟರಿನಲ್ಲಿ ಕೂತವರನ್ನು ಕಳ್ಳರೆನ್ನುವುದೂ ತಪ್ಪು. "ಹ್ಯಾಕ್ ಆಗಿದೆ, ಎಲ್ಲರಿಗೂ ಕಳಿಸಿ" ಎಂಬ ಸಂದೇಶ ಬಂದರೆ, ಕಳಿಸುವ ಮುಂಚೆ ಒಮ್ಮೆ ಯೋಚಿಸಿ.