ವಿಷಮಶೀತ ಜ್ವರವೂ ನಮ್ಮ ರಕ್ತದ ಕಾವಲುಗಾರರೂ

ಅಮೀರ್‌ಪೇಟೆಗೆ ಹೊಟ್ಟೆಪಾಡಿಗಾಗಿ ಬಂದ ನಾವು ಬಹುಮಂದಿ ಹಾಸ್ಟೆಲಿನಲ್ಲಿ ಮಲಗಿ, ಮೆಸ್ಸಿನಲ್ಲಿ ಉಂಡು, ಸಿಕ್ಕಿದಲ್ಲಿ ನೀರು ಕುಡಿಯುವವರು. ವಿಷಮಶೀತ ಜ್ವರ, ಎಂದರೆ ಟೈಫಾಯಿಡ್, ಹಬ್ಬುವುದು ಹೊಲಸಾದ ನೀರು ಆಹಾರಗಳಿಂದಲೇ. ಅದರ ಕ್ರಿಮಿ ಒಳಹೊಕ್ಕಾಗ ನಮ್ಮ ಮೈ ಏನು ಮಾಡುತ್ತದೆ?

ರಕ್ತದ ಬಿಳಿಯ ಕಣಗಳಲ್ಲಿ ‘ಬಿ’ ಕಣಗಳೆಂಬ ಒಂದು ಜಾತಿಯುಂಟು. ಕ್ರಿಮಿಗೆ ಅಂಟಿಕೊಂಡು ಅದನ್ನು ಹಿಡಿದುಕೊಡುವ ಪ್ರತಿಕಾಯಗಳನ್ನು ತಯಾರಿಸುವುದು ಇವುಗಳ ಕೆಲಸ. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯವು ಬಿ-1 ಕಣಗಳು. ಸೋಂಕು ತಗಲುವ ಮುನ್ನವೇ ಇವು ಸ್ವಲ್ಪ ಸ್ವಲ್ಪ ಪ್ರತಿಕಾಯವನ್ನು ಸದಾ ಬಿಡುತ್ತಿರುತ್ತವೆಂದು ಇಲಿಗಳಲ್ಲಿ ಕಂಡುಕೊಂಡಿದ್ದಾರೆ. ಮನುಷ್ಯರಲ್ಲಿ ಇವನ್ನು ಗುರುತಿಸುವ ವಿಷಯ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಲ್ಲಿದೆ.

ಎರಡನೆಯವು ಗುಲ್ಮದ ಅಂಚಿನಲ್ಲಿರುವ ಕಣಗಳು. ರಕ್ತವು ಗುಲ್ಮದಲ್ಲಿ ಹಾದುಹೋಗುವಾಗ ಕ್ರಿಮಿಯ ಸಕ್ಕರೆಯ ಹೊದಿಕೆಯನ್ನು ಗುರುತಿಸಿ, ಕೆಲವೇ ದಿನಗಳಲ್ಲಿ ಪ್ರತಿಕಾಯ ಬಿಡುತ್ತವೆ.

ಮೂರನೆಯವು ಫಾಲಿಕ್ಯುಲರ್ ಕಣಗಳು. ಸಂಖ್ಯೆಯಲ್ಲಿ ಇವೇ ಹೆಚ್ಚು. ‘ಟಿ’ ಕಣಗಳ ನೆರವು ಪಡೆದು ಇವು ಪೂರ್ಣವಾಗಿ ಸಜ್ಜಾಗಲು ಒಂದೆರಡು ವಾರ ಬೇಕು. ಆದರೆ ಇವುಗಳ ಪ್ರತಿಕಾಯ ಬಲವಾದದ್ದು. ನೆನಪು ವರ್ಷಗಟ್ಟಲೆ ಉಳಿಯುವಂಥದು. ತೊಡಕೆಂದರೆ, ಬರಿಯ ಸಕ್ಕರೆಗೆ ‘ಟಿ’ ಕಣಗಳು ಓಗೊಡುವುದಿಲ್ಲ. ಅವಕ್ಕೆ ಪ್ರೋಟೀನು ಬೇಕು.

ಟೈಫಾಯಿಡ್ ಕ್ರಿಮಿಯ ಹೊದಿಕೆಯೂ ಸಕ್ಕರೆಯದೇ. ಬರಿಯ ಅದರಿಂದ ಮಾಡಿದ ಹಳೆಯ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಿಗೆ ಫಲಿಸದು. ಅವರ ಗುಲ್ಮದ ಆ ಅಂಚು ಇನ್ನೂ ಬಲಿತಿರುವುದಿಲ್ಲ. ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ಆ ಸಕ್ಕರೆಯನ್ನು, ವಿಷ ತೆಗೆದ ಧನುರ್ವಾಯು ಪ್ರೋಟೀನಿಗೆ ಜೋಡಿಸಿ ಲಸಿಕೆ ಮಾಡಿತು. ಆಗ ‘ಟಿ’ ಕಣಗಳು ಎಚ್ಚೆತ್ತು, ಮೂರನೆಯ ಪಡೆಯೂ ಕೆಲಸಕ್ಕಿಳಿಯುತ್ತದೆ. ಆರು ತಿಂಗಳ ಕೂಸಿಗೂ ಕೊಡಬಹುದಾದ ಈ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರ ಡಿಸೆಂಬರಿನಲ್ಲಿ ತನ್ನ ಮಾನ್ಯತೆಯ ಪಟ್ಟಿಗೆ ಸೇರಿಸಿತು.

ಇದರಿಂದ ನಾವು ಕಲಿಯತಕ್ಕದ್ದು ಇನ್ನೊಂದುಂಟು. ವಿಡಾಲ್ ಪರೀಕ್ಷೆ ಹುಡುಕುವುದು ಕ್ರಿಮಿಯನ್ನಲ್ಲ, ಪ್ರತಿಕಾಯವನ್ನು. ಜ್ವರ ಬಂದ ಮೂರನೆಯ ದಿನ ‘ಇಲ್ಲ’ ಎಂದು ಚೀಟಿ ಬಂದರೆ ರೋಗವಿಲ್ಲವೆಂದು ತಿಳಿದು ಕೆಲಸಕ್ಕೆ ಓಡಬಾರದು. ಪ್ರತಿಕಾಯ ಕಾಣುವಷ್ಟಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಮೊದಲ ವಾರದಲ್ಲಿ, ಆಂಟಿಬಯಾಟಿಕ್ ನುಂಗುವ ಮುನ್ನ, ರಕ್ತದ ಕಲ್ಚರ್ ಪರೀಕ್ಷೆಯೇ ಹೆಚ್ಚು ನಂಬತಕ್ಕದ್ದು. ಜ್ವರ ಮೂರು ದಿನ ಇಳಿಯದಿದ್ದರೆ ಔಷಧದಂಗಡಿಯ ಗುಳಿಗೆಯನ್ನು ನೆಚ್ಚದೆ ಡಾಕ್ಟರನ್ನು ಕಾಣೋಣ. ಲಸಿಕೆ ಹಾಕಿಸಿಕೊಂಡವರೂ ನೀರನ್ನು ಕುದಿಸಿಯೇ ಕುಡಿಯೋಣ.